ತಿಕ್ಕಮ್ಮ, ಬೆಳ್ಳಿ ತಾನೆ

ನನಗೆ ಗೊತ್ತಿತ್ತು, ಸುನಂದಾ. ಆ ನಾಣ್ಯವನ್ನು ತಿಕ್ಕಿದರೆ ಹಾಳಾಗುತ್ತದೆಂದು ಗೊತ್ತಿದ್ದೇ ತಿಕ್ಕು ಎಂದೆ. ಡಾಕ್ಟ್ರಣ್ಣ ಪಾಪ, ತಿಳಿಯದೆ ಹೇಳಿಬಿಟ್ಟರು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯಲ್ಲ — ಅದು ಸುಳ್ಳಮ್ಮ.

ನಿನ್ನ ಗಂಡ ಮುನಿರಾಜುವಿಗೆ ಹಳೆಯ ನಾಣ್ಯದ ಹುಚ್ಚು ಹಿಡಿಸಿದವನೇ ನಾನು. ಅವನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸಿಕೊಂಡು ತನ್ನ ಪಾಡಿಗೆ ತಾನಿದ್ದ. ನಾನು ಸಾದಲಿ ಕಡೆ ದನದ ಡಾಕ್ಟರು. ಭಾನುವಾರಗಳಲ್ಲಿ ಅವನನ್ನು ಎದುರು ಕೂರಿಸಿಕೊಂಡು ಭೂತಗನ್ನಡಿ ಹಿಡಿಯುವುದು, ನಾಣ್ಯವನ್ನು ಅಂಚಿನಲ್ಲಷ್ಟೇ ಮುಟ್ಟುವುದು, ಎಲ್ಲ ಕಲಿಸಿದೆ. "ಹಳೇ ಬೆಳ್ಳಿ ಮೇಲಿರೋ ಕಪ್ಪು ಅದರ ಚರ್ಮ ಕಣೋ, ಅದನ್ನ ಸುಲೀಬಾರ್ದು" — ಇದೂ ನನ್ನದೇ ಪಾಠ.

ನನ್ನ ಬಳಿ ಇಂಡೋ-ಗ್ರೀಕ್ ದೊರೆಗಳ ಬೆಳ್ಳಿ ನಾಣ್ಯಗಳು ಒಂದಷ್ಟಿದ್ದವು. ಎಲ್ಲದರ ಮೇಲೂ ರಾಜರ ಮೂತಿ. ಉದ್ದ ಮೂಗು, ತಲೆಗೊಂದು ಪಟ್ಟಿ — ನೋಡಿ ನೋಡಿ ಸಾಕಾಗಿತ್ತು. ನನಗೆ ಬೇಕಿದ್ದದ್ದು ಪ್ರಾಣಿಗಳ ನಾಣ್ಯ: ಹೆಬ್ಬೆರಳ ಉಗುರಿನಷ್ಟಗಲದ ಚೌಕ ಬೆಳ್ಳಿ, ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ಹೋರಿ. ಜೀವಮಾನವೆಲ್ಲ ಹೋರಿಗಳ ಬೆನ್ನು ಸವರಿದವನು ನಾನು. ಎರಡು ಸಾವಿರ ವರ್ಷದ ಹಿಂದೆ ಯಾವನೋ ಗ್ರೀಕ ನಮ್ಮ ಹೋರಿಯ ಬೆನ್ನ ಮೇಲಿನ ಹಿಣಿಲು ನೋಡಿ ಬೆರಗಾಗಿ ಅದನ್ನು ಬೆಳ್ಳಿಗೆ ಒತ್ತಿದ್ದಾನೆ ಎಂದರೆ... ಅದು ನನಗಲ್ಲದೆ ಇನ್ಯಾರಿಗೆ ಸೇರಬೇಕು?

ಚಿಂತಾಮಣಿಯ ಒಬ್ಬ ಮುದುಕರ ಬಳಿ ಅದಿತ್ತು. ಪ್ರಾಯದಲ್ಲಿ ಉತ್ತರದ ಕಡೆ ಕೆಲಸದಲ್ಲಿದ್ದಾಗ ಸಂಪಾದಿಸಿದ್ದರಂತೆ. ವರ್ಷಗಟ್ಟಲೆ ಅವರ ಮನೆಗೆ ಎಡತಾಕಿದೆ, ಅವರ ಎಮ್ಮೆಗೆ ಪುಕ್ಕಟೆ ಸೂಜಿ ಚುಚ್ಚಿದೆ. ಒಂದು ದಿನ ಮುನಿರಾಜುವನ್ನೂ ಜೊತೆಗೆ ಕರೆದುಕೊಂಡು ಹೋದೆ — ನನ್ನ ಬುದ್ಧಿಗಿಷ್ಟು! ಅವನು ಆ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ತುಂಬಿಕೊಂಡ. ಮುದುಕರು ಅವನನ್ನೇ ನೋಡುತ್ತಿದ್ದು, "ಇದಿ ನೀಕೇ ನಾಯನಾ" ಎಂದುಬಿಟ್ಟರು. ನಿನಗೇ ಮಗನೇ, ಎಂದು! ಪಕ್ಕದಲ್ಲಿ ನಾನು ಕೂತಿದ್ದೇನೆ. "ಒಳ್ಳೇದಾಯ್ತು ಬಿಡೋ" ಎಂದು ಅವನ ಬೆನ್ನು ತಟ್ಟಿದೆ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನು ಕಿಟಕಿಯಾಚೆ ನೋಡುತ್ತ, ಅದು ಬಿದ್ದುಹೋಗಬಾರದೇ ಎಂದುಕೊಳ್ಳುತ್ತಿದ್ದೆ.

ಅದಾಗಿ ಕೆಲವು ತಿಂಗಳಿಗೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಮಧ್ಯಾಹ್ನ ನಿಮ್ಮ ಮನೆಗೆ ಬಂದೆ. ಅವನು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗಿದ್ದ. ನೀನು ಹಿತ್ತಿಲಲ್ಲಿ ಬೆಳ್ಳಿ ದೀಪ, ಕುಂಕುಮದ ಬಟ್ಟಲು ಹರಡಿಕೊಂಡು ಕೂತಿದ್ದೆ. ಒಳಗಿನಿಂದ ಆ ನಾಣ್ಯ ತಂದು ನನಗೆ ತೋರಿಸಿದೆ.

"ಡಾಕ್ಟ್ರಣ್ಣಾ, ಮನೇಲಿರೋ ಬೆಳ್ಳಿ ಎಲ್ಲಾ ಅಮ್ಮನವರ ಮುಂದೆ ಇಡ್ತೀನಿ. ಇದೊಂದು ಕರ್ರಗಿದೆ ನೋಡಿ. ತಿಕ್ಕಬಹುದಾ? ಇವರು ಫೋನೇ ಎತ್ತುತ್ತಿಲ್ಲ."

ಬೇಡ ಅನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ — ಅಲ್ಲ, ಅದೂ ಸುಳ್ಳು. ಚೆನ್ನಾಗಿಯೇ ಹೊರಳಿತು. "ತಿಕ್ಕಮ್ಮ, ಬೆಳ್ಳಿ ತಾನೆ" ಎಂದೆ.

ನನಗೆ ಕಾಫಿ ಕೊಟ್ಟು ಕೆಲಸಕ್ಕೆ ಕೂತೆ. ವಿಭೂತಿಗೆ ಕಪ್ಪು ಬಿಡಲಿಲ್ಲ. ಹುಣಸೆಹಣ್ಣು, ಉಪ್ಪು ಹಾಕಿದೆ. "ಜಗ್ತಾನೇ ಇಲ್ಲ ಅಣ್ಣಾ, ಇಟ್ಟಿಗೆ ಪುಡಿ, ನಾರು ಹಾಕ್ಲಾ?" ಎಂದು ತಲೆಯೆತ್ತಿ ಕೇಳಿದೆ. ಬೇಡ ಅನ್ನಲು ದೇವರು ಎರಡನೆಯ ಸಲವೂ ಅವಕಾಶ ಕೊಟ್ಟ. "ಹಾಕು" ಎಂದೆ. ತೆಂಗಿನ ನಾರು ಕರಕರ ಎನ್ನುವುದನ್ನು ಕೇಳಿಸಿಕೊಂಡೇ ಲೋಟ ಖಾಲಿ ಮಾಡಿದೆ. ಕಾಫಿ ಚೆನ್ನಾಗಿದೆ ಕಣಮ್ಮ ಎಂದೆ ಬೇರೆ.

ಮಾರನೆಯ ದಿನ ಹಬ್ಬಕ್ಕೆ ನಾನು ಬಂದಾಗ ಕಲಶದ ಮುಂದೆ ಅದು ಥಳಥಳ ಹೊಳೆಯುತ್ತಿತ್ತು. ಹೋರಿಯ ಹಿಣಿಲು ಸವೆದು ಬೆನ್ನು ಸಪಾಟಾಗಿತ್ತು, ಆನೆಗೆ ಕಣ್ಣೇ ಇರಲಿಲ್ಲ. ನಿಜ ಹೇಳಲೇ? ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಮುನಿರಾಜು ಅರಿಶಿನ ಕುಂಕುಮಕ್ಕೆ ಬಂದವರೆಲ್ಲರ ಎದುರೇ ಕೂಗಿದ. "ಯಾರು ಇದನ್ನ ತಿಕ್ಕು ಅಂದಿದ್ದು?"

ನೀನು ನನ್ನ ಮುಖ ನೋಡಿದೆ. ನಾನು ಕಲಶ ನೋಡಿದೆ.

"ಯಾರೂ ಅಂದಿಲ್ಲ ರೀ. ನಾನೇ... ಗೊತ್ತಾಗ್ಲಿಲ್ಲ."

ಇಬ್ಬರು ಸ್ನೇಹಿತರು ಮುರಿದುಕೊಳ್ಳಬಾರದು ಎಂದು ತಾನೇ ಹಾಗೆಂದದ್ದು? ಅಯ್ಯೋ ಹುಚ್ಚಿ, ನನ್ನ ಹೆಸರು ಹೇಳಿದ್ದರೆ ಅವನಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಕಪ್ಪನ್ನು ಸುಲಿಯಬಾರದೆಂದು ಅವನಿಗೆ ಕಲಿಸಿದವನು ನಾನಲ್ಲವೇ? ಅದು ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ, ಪಾಯಸ ಕುಡಿದು ಮನೆಗೆ ಬಂದೆ.

ಅವನು ನಾಣ್ಯಗಳ ಸಹವಾಸವನ್ನೇ ಬಿಟ್ಟ. "ನೀವೇ ಇಟ್ಕೊಳ್ಳಿ ಅಣ್ಣಾ, ನನಗೆ ನೋಡಕ್ಕಾಗಲ್ಲ" ಎಂದು ಆ ಚೌಕ ಬೆಳ್ಳಿಯನ್ನು ನನ್ನ ಕೈಗೇ ಹಾಕಿದ. ಬೇಡ ಎಂದೆನೇ? ಇಲ್ಲ. ಈಗ ಅದು ಮತ್ತೆ ಕಪ್ಪಾಗುತ್ತಿದೆ; ಆನೆಯ ಕಣ್ಣು ಮಾತ್ರ ಬರುವುದಿಲ್ಲ.

ನಿನಗೆ ಒಡಹುಟ್ಟಿದವರಿಲ್ಲ. ಪ್ರತಿ ಗೌರಿ ಹಬ್ಬಕ್ಕೂ ತವರಿನ ಅರಿಶಿನ ಕುಂಕುಮ, ಸೀರೆ ಹಿಡಿದು ಬರುವವನು ನಾನು. ಆಮೇಲೂ ಬಂದೆ, ನಾಚಿಕೆಯಿಲ್ಲದೆ. ಹೋದ ತಿಂಗಳು ನೆಂಟರ ಮುಂದೆ ಮುನಿರಾಜು, "ಬೆಳ್ಳಿ ಸಾಮಾನು ಇವಳ ಕೈಗೆ ಕೊಡ್ಬೇಡ್ರಪ್ಪ" ಎಂದು ನಗಾಡಿದ. ನೀನೂ ನಕ್ಕೆ. ನಗುತ್ತಲೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅದನ್ನು ನೋಡಿದ ಮೇಲೆ ನನಗೆ...

ಈ ಸಲ ಗೌರಿ ಹಬ್ಬಕ್ಕೆ, ಅವನು ಮನೆಯಲ್ಲಿರುವ ಹೊತ್ತು ನೋಡಿಯೇ ಬರುತ್ತೇನೆ. ಸೀರೆಯ ತಟ್ಟೆಯನ್ನು ಹೊಸಿಲ ಹೊರಗೇ ಇಟ್ಟು, ನಾಣ್ಯವನ್ನು ಅವನ ಕೈಗೆ ಕೊಟ್ಟು, "ತಿಕ್ಕು ಅಂದಿದ್ದು ನಾನು ಕಣೋ. ಗೊತ್ತಿದ್ದೇ ಅಂದೆ" ಎಂದು ಹೇಳುತ್ತೇನೆ. ಆಮೇಲೆ ನನ್ನನ್ನು ಒಳಗೆ ಕರೆಯುವುದು, ಬಿಡುವುದು ನಿನಗೆ ಸೇರಿದ್ದು. ಆವತ್ತಿನ ಹಾಗೆ ನನ್ನ ಪರವಾಗಿ ಮಾತ್ರ ಏನೂ ಹೇಳಬೇಡ, ಸುನಂದಾ.