ಗೊರಿಲ್ಲಾ ಮರಿ ಮತ್ತು ನನ್ನ ನೆಗಡಿ

ಫ್ರೆಂಡ್ಸ್, ಉಗಾಂಡಾಕ್ಕೆ ಹೋಗೋಕೆ ಇವತ್ತು ಅಜ್ಜಿಯ ಪರ್ಮಿಷನ್ ಸಿಕ್ಕಿತು, ಸಿಕ್ಕ ಕೂಡಲೇ ವಾಪಸ್ಸೂ ಹೋಯಿತು!

ನನ್ನ ಸೋದರಮಾವ ಅಲ್ಲಿ ಸಕ್ಕರೆ ಫ್ಯಾಕ್ಟರಿಯಲ್ಲಿದ್ದಾನೆ. ರಜೆಗೆ ಬಂದರೆ ಕಾಡಿಗೆ ಕರೆದೊಯ್ದು ಗೊರಿಲ್ಲಾ ತೋರಿಸ್ತೇನೆ ಅಂದಿದ್ದಾನೆ. ಅಪ್ಪ ಓಕೆ. ಆದರೆ ದೊಡವಾಡದ ನಮ್ಮ ಮನೆಯಲ್ಲಿ ಫೈನಲ್ ಡಿಸಿಷನ್ ಅಜ್ಜಿಯದು. ಮೊನ್ನೆ ನಮ್ಮ ಎಮ್ಮೆ ಈದಾಗಿನಿಂದ ಅಜ್ಜಿ ಕೊಟ್ಟಿಗೆಗೆ ಪಕ್ಕದ ಮನೆಯವರನ್ನೂ ಬಿಡುತ್ತಿಲ್ಲ. ಕರುವಿಗೆ ದೃಷ್ಟಿಯಾಗುತ್ತದಂತೆ.

ಗೊರಿಲ್ಲಾ ಅಂದ ಕೂಡಲೇ ಅಜ್ಜಿ, “ಅದು ನಿನ್ನ ಹರದು ಹಾಕಿದ್ರ?” ಅಂದಳು.

ನಾನು ಹೆದರುತ್ತಲೇ ರೂಲ್ಸ್ ಹೇಳಿದೆ. ದೂರ ನಿಲ್ಲಬೇಕು, ಒಂದೇ ತಾಸು ನೋಡಬೇಕು, ಕೆಮ್ಮು ನೆಗಡಿ ಇದ್ದವರನ್ನು ಹತ್ತಿರ ಬಿಡೋದಿಲ್ಲ, ಮನುಷ್ಯರ ಜಡ್ಡು ಗೊರಿಲ್ಲಾಕ್ಕೆ ಹತ್ತುತ್ತದೆ.

ಅಜ್ಜಿಯ ಮುಖ ಅರಳಿತು. “ಮರಿ ಅದಾವೇನು?”

“ಅದಾವಬೇ ಅಜ್ಜಿ.”

“ಹಂಗಾರ ಭಾಳ ಶಾಣ್ಯಾ ಮಂದಿ ನೋಡು ಅವರು. ಬಾಣಂತಿನ್ನ ಹಂಗ ಕಾಯಬೇಕು. ಹೋಗಿ ಬಾ.”

ನಾನು ಅಲ್ಲೇ ಕುಣಿದೆ. ಕುಣಿಯುತ್ತಲೇ ಸೀನಿದೆ. ಹಾಸ್ಟೆಲಿನಿಂದ ಹೊತ್ತು ತಂದ ನೆಗಡಿ!

ಅಜ್ಜಿ ಅಪ್ಪನನ್ನು ಕೂಗಿದಳು. “ಏ ಬಸಣ್ಣಾ, ಈಕೀನ್ನ ಕಳಸಬ್ಯಾಡೋ! ಆ ಮರಿಗೆ ನೆಗಡಿ ಹತ್ತೀತು!”

ಈಗ ಒಲೆಯ ಮೇಲೆ ಕಷಾಯ ಕುದಿಯುತ್ತಿದೆ. ಸೀನು ನಿಂತರೆ ಉಗಾಂಡಾ ಗ್ಯಾರಂಟಿಯಂತೆ. ಗೊರಿಲ್ಲಾ ನನ್ನನ್ನೇನು ಮಾಡೀತೋ ಅಂತ ಬೆಳಗಿನವರೆಗೂ ಚಿಂತಿಸುತ್ತಿದ್ದ ಮನೆಯಲ್ಲಿ ಸದ್ಯಕ್ಕೆ ಡೇಂಜರಸ್ ಅನಿಮಲ್ ನಾನೇ.