ಅತ್ತೆಗೆ ಓದಿ ಹೇಳಿದ ಬೋರ್ಡು

ಅತ್ತೆ, ಹೃದಯದ ತೊಂದರೆ ಇರುವವರು ನೀರಿಗೆ ಇಳಿಯಬಾರದೆಂದು ಆ ಬೋರ್ಡಿನಲ್ಲಿ ಬರೆದಿರಲಿಲ್ಲ. ನಾನು ಸುಳ್ಳು ಹೇಳಿದೆ. ಗಾಜಿನ ಬಾಟಲಿ ತರಬೇಡಿ, ಮಕ್ಕಳ ಮೇಲೆ ಕಣ್ಣಿಡಿ, ಮೈ ತೊಳೆದುಕೊಂಡು ಇಳಿಯಿರಿ — ಇದ್ದದ್ದು ಅಷ್ಟೇ.

ನೀವು ತೀರಿಹೋಗಿ ಇಂದಿಗೆ ಹನ್ನೆರಡು ದಿನ. ನಿಮ್ಮ ಕಾರ್ಯಗಳಿಗೆಂದು ನಿಮ್ಮ ಮಗ ಮೈಸೂರಿನಲ್ಲಿದ್ದಾರೆ, ನಾನು ಬ್ರಿಸ್ಬೇನಿನಲ್ಲಿ.

ನಾಲ್ಕು ವರ್ಷದ ಹಿಂದೆ ನೀವು ಇಲ್ಲಿಗೆ ಬಂದಾಗ, ಮಂಡಿನೋವಿಗೆ ಒಳ್ಳೆಯದೆಂದು ಅವರು ನಮ್ಮನ್ನು ನದಿದಂಡೆಯ ಆ ಪುಟ್ಟ ಊರಿಗೆ ಕರೆದೊಯ್ದರು. ಒಂದು ಪಬ್, ಒಂದು ಬೇಕರಿ, ಕ್ಯಾರವಾನ್‌ಗಳ ಸಾಲು, ನದಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಹಬೆಯಾಡುವ ಬಿಸಿನೀರ ಬುಗ್ಗೆಯ ಕೊಳ. ನಮ್ಮನ್ನು ಇಳಿಸಿ ಅವರು ಟೈರ್ ರಿಪೇರಿಗೆಂದು ಪೆಟ್ರೋಲ್ ಬಂಕಿಗೆ ಹೋದರು. ನೀವು ನದಿಗೊಮ್ಮೆ, ಕೊಳದಿಂದ ಹರಿಯುವ ಕಾಲುವೆಗೊಮ್ಮೆ ಕೈ ಅದ್ದಿದಿರಿ.

"ಇದೇನೇ ವೀಣಾ! ಅಲ್ಲಿ ಫ್ರಿಜ್ ನೀರು, ಇಲ್ಲಿ ಹಂಡೆ ನೀರು. ಒಲೆ ಹಚ್ಚಿರೋರು ಯಾರೇ? ಆ ಟಿಕೆಟ್ಟಿನವಳನ್ನ ಕೇಳು, ಮಳೆ ಬಂದ್ರೆ ಆರತ್ತಾ ಅಂತ."

ಕೇಳಿದೆ. ಅವಳು ನಕ್ಕು, ಆರುವುದಿಲ್ಲ ಎಂದಳು. ಅಲ್ಲಿ ನಿಮ್ಮ ಬಾಯಿ, ನಿಮ್ಮ ಕಣ್ಣು ಎರಡೂ ನಾನೇ ಆಗಿದ್ದೆ.

ನೀವು ಅಂಚಿನ ಕಲ್ಲಿಗೆ ಅರಿಸಿನ ಕುಂಕುಮ ಇಟ್ಟಿರಿ. ತೀರ್ಥದಲ್ಲಿ ಮುಳುಗುವಂತೆ ಉಟ್ಟ ಸೀರೆಯಲ್ಲೇ ಮೂರು ಮುಳುಗು ಹಾಕಲು ಸೆರಗು ಸಿಕ್ಕಿಸಿಕೊಂಡಿರಿ. ಆಗಲೇ ಕೊಳದಿಂದ ಯಾರೋ ನನ್ನತ್ತ ಕೈಬೀಸಿದರು — ನಮ್ಮ ಆಫೀಸಿನ ಮ್ಯಾನೇಜರ್, ಪಕ್ಕದಲ್ಲಿ ಅವರ ಹೆಂಡತಿ. ನನಗೆ ನಾಚಿಕೆಯಾಯಿತು. ಕೊಳದಲ್ಲಿದ್ದವರೆಲ್ಲ ಒಟ್ಟಿಗೆ ನಮ್ಮ ಕಡೆ ತಿರುಗಿದ್ದಕ್ಕೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಅಲ್ಲ — ನಿಮ್ಮ ಸೀರೆಗೇ, ಆ ಕುಂಕುಮಕ್ಕೇ.

"ಅತ್ತೆ, ನೀವು ಇಳಿಯೋ ಹಾಗಿಲ್ಲ. ಸ್ಟೆಂಟ್ ಹಾಕಿಸ್ಕೊಂಡೋರಿಗೆ ಡೇಂಜರ್ ಅಂತ ಬೋರ್ಡಲ್ಲಿದೆ."

"ಮಂಡಿ ತನಕಾನೂ ಬೇಡ್ವಾ?"

"ಬೇಡ."

ನೀವು ವಾದಿಸಲಿಲ್ಲ. ಸೆರಗು ಬಿಚ್ಚಿ ಸರಿಮಾಡಿಕೊಂಡು, ನಮ್ಮ ಚಪ್ಪಲಿ, ಟವೆಲ್ ಕಾಯುತ್ತ ಬೆಂಚಿನ ಮೇಲೆ ಕುಳಿತಿರಿ. ನಾನು — ಹೇಗೆ ಸಾಧ್ಯವಾಯಿತೋ — ಇಳಿದೆ. ಮ್ಯಾನೇಜರ್ ಜೊತೆ ನಗುನಗುತ್ತ ಮಾತಾಡಿದೆ.

ಮೇಲೆ ಬಂದಾಗ ನಿಮ್ಮದು ಅದೇ ಕುತೂಹಲ. "ತಳದಲ್ಲಿ ಮರಳಾ, ಕಲ್ಲಾ? ನೀರು ಬುಳುಬುಳು ಅಂತ ಕಾಲಿಗೆ ತಾಕತ್ತಾ?"

"ಚೆನ್ನಾಗಿತ್ತು" ಎಂದೆ. ಅದೊಂದೇ ಮಾತು. ಬೆಂಚಿನ ಮೇಲೆ ಕುಳಿತು ನೀವು ಆ ನೀರನ್ನು ಹೇಗೆಲ್ಲ ಊಹಿಸಿಕೊಂಡಿದ್ದಿರಿ? ನಿಮ್ಮನ್ನು ಕೇಳಬಹುದಾಗಿದ್ದ ನಾಲ್ಕು ವರ್ಷ ನಾನು ಕೇಳಲಿಲ್ಲ.

ನಿನ್ನೆ ನಿಮ್ಮ ಮಗ ಫೋನ್ ಮಾಡಿದ್ದರು. "ನಾಳಿದ್ದು ವೈಕುಂಠ ಸಮಾರಾಧನೇಲಿ ಆ ಬಿಸಿನೀರಿನ ಕಥೆ ಹೇಳ್ತೀನಿ ಕಣೇ. ಸೊಸೆ ಬೋರ್ಡ್ ಓದಿ ನನ್ನ ಜೀವ ಉಳಿಸಿದ್ಲು ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡಿದ್ಲಂತೆ."

ಅತ್ತೆ, ನೀವು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಂದು ಬೆಳಿಗ್ಗೆ ನಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನೀನು ನೀರಲ್ಲಿದ್ದಾಗ ಅಮ್ಮ ಎಷ್ಟು ಹೊತ್ತು ಹಾಗೇ ಕೂತಿದ್ಲು?"

"ಒಂದು ಗಂಟೆ" ಎಂದೆ.