‘ಹೋಗಬೇಡ’ ಎನ್ನಲಾಗದ ಕುರ್ಚಿ

ಇಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದಕ್ಕೂ ತರಬೇತಿ ಕೊಡುತ್ತಾರೆ. ಅಮೆರಿಕದ ಎಡಿಸನ್ನಿನ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಮೊದಲ ದಿನ ನಾಟಕದ ಹಾಗೆ ಅಭ್ಯಾಸ ಮಾಡಿಸಿದರು. ಎದುರು ಕುಳಿತವಳು ಗಂಡನ ಕಾಟ ಹೇಳಿಕೊಂಡಳು, ನಾನು ಎರಡೇ ಮಾತಿನಲ್ಲಿ ದಾರಿ ತೋರಿಸಿದೆ. ತರಬೇತಿ ಕೊಡುವ ಡೆನಿಸ್ ಕೈಯೆತ್ತಿ ನಿಲ್ಲಿಸಿದರು. ಸಲಹೆ ಕೊಡಬಾರದಂತೆ.

ಚಿಕ್ಕಪೇಟೆಯಲ್ಲಿ ಸೀರೆ ಮಾರಿ ಮೇಲೆ ಬಂದವಳು ನಾನು. ಗಿರಾಕಿ ಬಾಯಿ ತೆರೆಯುವ ಮೊದಲೇ ಅವಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೇಳುತ್ತಿದ್ದೆ. ಇಲ್ಲಿ ಮನೆಯ ಬೇಸ್‌ಮೆಂಟಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ರವಿಕೆ ಹೊಲಿಯುತ್ತೇನೆ. (ಮನೆ ಹುಡುಕುವವರು ಚಳಿಗಾಲದಲ್ಲಿ ಕೇಳಿ, ಬಾಡಿಗೆ ಇಳಿಸುತ್ತಾರೆ. ಅಂಗಡಿಗಳಲ್ಲಿ ಮಾತ್ರ ಚೌಕಾಸಿ ನಡೆಯದು.) ಅಳತೆ ಕೊಡಲು ಬಂದ ಹೆಂಗಸರು ಟೇಪು ಸುತ್ತುವಾಗ ಅಳುತ್ತಿದ್ದರು. ಅದಕ್ಕೇ ಈ ತರಬೇತಿಗೆ ಸೇರಿದ್ದು.

ಇದಕ್ಕೆ ಸ್ತ್ರೀವಾದಿ ಆಪ್ತಸಮಾಲೋಚನೆ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ನಮ್ಮಲ್ಲಿ ಹೆಂಗಸಿಗೆ ನಿದ್ದೆ ಬಾರದಿದ್ದರೆ ಮಾತ್ರೆ ಕೊಡಿಸುತ್ತೇವೆ, ಇಲ್ಲವೇ ದೇವಸ್ಥಾನಕ್ಕೆ ಕರೆದೊಯ್ಯುತ್ತೇವೆ. ಇಲ್ಲಿ ಮೊದಲು ಕೇಳುವುದು, ಮನೆಯಲ್ಲಿ ಕಾರಿನ ಕೀಲಿ ಯಾರ ಬಳಿ ಇದೆ, ಹೊಸ್ತಿಲು ದಾಟಲು ಯಾರ ಒಪ್ಪಿಗೆ ಬೇಕು ಎಂದು. ಸಂಕಟ ಅವಳೊಳಗೆ ಮಾತ್ರವಲ್ಲ, ಅವಳ ಸುತ್ತಲೂ ಇದೆ ಎಂಬ ಪಾಠ ನನಗೆ ಕೂಡಲೇ ಹಿಡಿಸಿತು. ಹಿಡಿಸದೇ ಹೋದದ್ದು ಇನ್ನೊಂದು: ಕೇಳಿಸಿಕೊಳ್ಳಲು ಕೂತವಳ ಕೈಯಲ್ಲೂ ಅಧಿಕಾರವಿರುತ್ತದೆ, ಅದನ್ನು ಅವಳು ಚಲಾಯಿಸಬಾರದು. ಅದಕ್ಕಾಗಿ ಇಬ್ಬರಿಗೂ ಒಂದೇ ಎತ್ತರದ ಕುರ್ಚಿ, ಇಬ್ಬರೂ ಹೆಸರು ಹಿಡಿದೇ ಮಾತು.

ತರಬೇತಿಯ ನಂತರ ನನ್ನೆದುರು ಬಂದು ಕೂತ ಜಯಾ ಧಾರವಾಡದವಳು; ಹೆಸರು ಬದಲಿಸಿದ್ದೇನೆ. ಎಷ್ಟು ಹೇಳಿದರೂ ನನ್ನ ಹೆಸರು ಅವಳ ಬಾಯಲ್ಲಿ ಬರಲಿಲ್ಲ. ‘ಅಕ್ಕಾರ’ ಎಂದೇ ಕರೆದಳು. ಅವಳದು ಎಚ್-ಫೋರ್, ಗಂಡನ ವೀಸಾಕ್ಕೆ ಜೋತುಬಿದ್ದ ಹೆಂಡತಿಯ ವೀಸಾ. ಮೂರು ವರ್ಷ ಅವಳನ್ನು ಒಬ್ಬಳೇ ಎಲ್ಲಿಗೂ ಬಿಡದ ಗಂಡ ಈಗ ತಾನಾಗಿಯೇ ಟಿಕೆಟ್ ತೆಗೆಸಿದ್ದ. ತಂಗಿಯ ಮದುವೆಗೆ ಅವಳೊಬ್ಬಳೇ ಹೋಗಿಬರಬೇಕು, ನಾಲ್ಕು ವರ್ಷದ ಮಗ ಇಲ್ಲೇ ಇರಬೇಕು. ಮರಳಿ ಬರಲು ವೀಸಾ ಮುದ್ರೆ ಹೊಸದಾಗಿ ಒತ್ತಿಸಬೇಕು, ಅದಕ್ಕೆ ಗಂಡನ ಕಾಗದಪತ್ರ ಬೇಕು, ಅವನು ಕೊಡದಿದ್ದರೆ ಅಲ್ಲೇ ಉಳಿಯುತ್ತೀಯ ಎಂದು ಕೇಂದ್ರದ ವಕೀಲೆ ಬಿಡಿಸಿ ಹೇಳಿದ್ದರು. ಹೋಗದೆ ಇಲ್ಲೇ ಉಳಿಯುವುದಾದರೆ ತಾಯಿ ಮಗುವಿಗೆ ಕೇಂದ್ರದ ಒಂದು ಕೋಣೆಯೂ ಸಿದ್ಧವಿದೆ ಎಂದು ನಾನು ತಿಳಿಸಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಜಯಾ ಸೆರಗಿನಂತೆ ದುಪಟ್ಟಾ ಎಳೆದುಕೊಂಡಳು. “ಇಷ್ಟು ದಿನಾ ಅಪ್ಪ ಹೇಳಿದಂಗ ಕೇಳೀನಿ, ಆಮ್ಯಾಲ ಇವರು ಹೇಳಿದಂಗ. ಈಗ ನೀವ ಹೇಳ್ರಿ ಅಕ್ಕಾರ. ಹೋಗ್ಲೋ, ಬ್ಯಾಡೋ?”

‘ಹೋಗಬೇಡ’ ನಾಲಿಗೆಯ ತುದಿಯಲ್ಲಿತ್ತು. ಆಡಿದ್ದರೆ ಅವಳ ಅಪ್ಪ, ಗಂಡ, ಆಮೇಲೆ ನಾನು. ಡೆನಿಸ್ ಹೇಳುತ್ತಿದ್ದದ್ದು ಇದನ್ನೇ ಎಂದು ಆಗ ಅರ್ಥವಾಯಿತು. ಅರ್ಥವಾದದ್ದರಿಂದ ಏನೂ ಹಗುರವಾಗಲಿಲ್ಲ.

“ನಿನಗೆ ಏನು ಅನ್ನಿಸುತ್ತೆ, ಜಯಾ?” ಅಂದೆ.

ಅವಳು ನಕ್ಕಳು. “ಇದನ್ನ ಕೇಳಾಕ ಎರಡು ಬಸ್ ಹತ್ತಿ ಬಂದ್ನೇನ್ರಿ?”

ಅವಳು ಮಗನನ್ನು ಬಿಟ್ಟು ಊರಿಗೆ ಹೋದಳು. ಅಕ್ಕ ಇಲ್ಲದ ಮದುವೆಯಲ್ಲಿ ತಂಗಿ ಮಂದಿಗೆ ಏನು ಹೇಳಬೇಕು ಎಂಬುದೇ ಅವಳಿಗೆ ದೊಡ್ಡದಾಯಿತು. ಗಂಡ ಕಾಗದ ಕಳಿಸಲಿಲ್ಲ. ಮಗಳನ್ನು ಇಲ್ಲಿಗೆ ಕೊಡುವವರೇ, ಚಿನ್ನದ ಮಾತು ಆಮೇಲೆ ಆಡಿ; ಅವಳ ವೀಸಾ ಯಾರ ಕೈಯಲ್ಲಿರುತ್ತದೆ ಎಂದು ಮೊದಲು ಕೇಳಿ.

ಕಳೆದ ವಾರ ಧಾರವಾಡದಿಂದ ಫೋನ್ ಮಾಡಿದ್ದಳು. ಮಗ ವಿಡಿಯೋದಲ್ಲಿ ಬರೀ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನಂತೆ, ಅರ್ಧ ತಿಳಿಯುವುದಿಲ್ಲವಂತೆ. ಏನು ಮಾಡಲಿ ಎಂದು ಈ ಸಲ ಕೇಳಲಿಲ್ಲ. “ಮಗನ ಸಲುವಾಗಿ ಅಲ್ಲಿ ಕೋರ್ಟಿಗೆ ಹಾಕ್ತೀನಿ. ಆ ವಕೀಲರ ನಂಬರ್ ಕೊಡ್ರಿ,” ಅಂದಳು. ಕೊಟ್ಟೆ. ಎಷ್ಟು ಕಾಲ ಹಿಡಿಯುತ್ತದೋ ವಕೀಲೆಗೂ ಗೊತ್ತಿಲ್ಲ.

ಈಗ ತೀರ್ಮಾನ ಅವಳದೇ ಆಗಿದೆ, ಗಮನಿಸಿದೆಯಾ ಎಂದರು ಡೆನಿಸ್. ಜಯಾಳ ಹೆಸರು ಹೇಳದೆ ಬೆಂಗಳೂರಿನ ನನ್ನ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. “ಹೋಗ್ಬೇಡ ಕಣೇ ಅನ್ನೋಕೆ ನಿಂಗೇನು ಧಾಡಿ ಆಗಿತ್ತು? ತಾಯಿ ಮಗುನ ಬೇರೆ ಮಾಡಿ ಕೂತಿದ್ದೀಯ,” ಎಂದಳು.

ಊರಿನಲ್ಲಿದ್ದಿದ್ದರೆ ಜಯಾಳ ಮನೆಗೇ ಹೋಗಿ ಬಾಗಿಲು ತಟ್ಟಿ ತಡೆಯುತ್ತಿದ್ದೆ. ಪೂರ್ತಿ ಇಲ್ಲಿಯವಳಾಗಿದ್ದರೆ ನನ್ನ ಕೆಲಸ ಸರಿಯಾಗಿಯೇ ಮಾಡಿದೆ ಎಂದು ನಿದ್ದೆ ಹೋಗುತ್ತಿದ್ದೆ. ಡೆನಿಸ್, ಅಕ್ಕ ಇಬ್ಬರ ಮಾತಿಗೂ ‘ಹೂಂ’ ಅಂದೆ. ಎರಡೂ ನಿಜವಾದ ‘ಹೂಂ’.